ಮೊದಲ ನಕ್ಷತ್ರಗಳ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಕ್ಷತ್ರ ವೀಕ್ಷಣೆಯ ರಾತ್ರಿಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಮಾತುಕತೆ ಮುಗಿದ ಮೇಲೆ, ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು, ಕೆಲವಕ್ಕೆ ಸಾಲದು. ರೇಡಿಯೊ ಹುಡುಕಾಟದ ಭಾಗ ಉಳಿದವುಗಳಿಗಿಂತ ಉದ್ದವಾಗಿದೆ. ಅದರ ಒಂದು ಮುಖ್ಯ ಕೆಲಸ ನಡೆದದ್ದು ಕರ್ನಾಟಕದ ಒಂದು ಕೆರೆಯ ಮೇಲೆ ಮತ್ತು ಶರಾವತಿ ಹಿನ್ನೀರಿನ ಮೇಲೆ. ಆ ಕಥೆ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ, ಗೊತ್ತಾಗಬೇಕು.

"ಮೊದಲ ನಕ್ಷತ್ರಗಳು" ಅಂದರೆ ಯಾವುವು?

ಬಿಗ್ ಬ್ಯಾಂಗ್ ಆಗಿ ಸುಮಾರು 1380 ಕೋಟಿ ವರ್ಷ ಆಯಿತು. ಮೊದಲ ಕೆಲವು ನಿಮಿಷಗಳಲ್ಲಿ ತಯಾರಾದದ್ದು ಹೈಡ್ರೋಜನ್, ಹೀಲಿಯಂ ಮತ್ತು ತೀರಾ ಚೂರು ಲಿಥಿಯಂ. ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ. ಇಂಗಾಲ ಇರಲಿಲ್ಲ, ಆಮ್ಲಜನಕ ಇರಲಿಲ್ಲ, ಕಬ್ಬಿಣ ಇರಲಿಲ್ಲ, ಧೂಳಿನ ಒಂದು ಕಣವೂ ಇರಲಿಲ್ಲ.

ಈ ಶುದ್ಧ ಅನಿಲದಿಂದಲೇ ಹುಟ್ಟಿದ ನಕ್ಷತ್ರಗಳಿಗೆ ಮೊದಲ ನಕ್ಷತ್ರಗಳು ಅನ್ನುತ್ತೇವೆ. ಅವಕ್ಕಿಂತ ಮುಂಚೆ ಯಾವ ನಕ್ಷತ್ರವೂ ಸತ್ತಿರಲಿಲ್ಲ, ಹಾಗಾಗಿ ಅವುಗಳ ಒಡಲಲ್ಲಿ ಯಾರ ಬೂದಿಯೂ ಬೆರೆತಿಲ್ಲ. ನಮ್ಮ ಸೂರ್ಯ ಹಾಗಲ್ಲ. ಅವನು ಹುಟ್ಟಿ ಬರೀ 460 ಕೋಟಿ ವರ್ಷ. ಅವನ ತೂಕದಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಹಳೆಯ ನಕ್ಷತ್ರಗಳು ತಯಾರಿಸಿ ಬಿಟ್ಟುಹೋದ ಸಾಮಾನು.

ಮೊದಲು ಹುಟ್ಟಿದವಕ್ಕೆ "ಮೂರನೇ ಪೀಳಿಗೆ" ಅಂತ ಯಾಕೆ ಹೆಸರು?

1944ರಲ್ಲಿ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ನಕ್ಷತ್ರಗಳನ್ನು ಎರಡು ಗುಂಪು ಮಾಡಿದರು. ಸೂರ್ಯನಂಥ ಹೊಸಬರು ಪಾಪ್ಯುಲೇಷನ್ ಒಂದು, ಹಳಬರು ಪಾಪ್ಯುಲೇಷನ್ ಎರಡು. ಎರಡನೇ ಗುಂಪಿಗಿಂತಲೂ ಹಳಬರು ಇರಲೇಬೇಕು ಅನ್ನುವುದು ಆಮೇಲೆ ಸ್ಪಷ್ಟವಾಯಿತು. ಅವರಿಗೆ ಉಳಿದ ಅಂಕಿ ಮೂರು. ಲೆಕ್ಕ ತಲೆಕೆಳಗಾಗಿದೆ ನಿಜ, ಆದರೆ ಹೆಸರು ನಿಂತುಬಿಟ್ಟಿದೆ.

ಅವು ಯಾವಾಗ ಹೊತ್ತಿಕೊಂಡವು?

ಬಿಗ್ ಬ್ಯಾಂಗ್ ಆದ 3.8 ಲಕ್ಷ ವರ್ಷಕ್ಕೆ ಬ್ರಹ್ಮಾಂಡ ಸಾಕಷ್ಟು ತಣ್ಣಗಾಗಿ ಎಲೆಕ್ಟ್ರಾನ್, ಪ್ರೋಟಾನ್ ಕೂಡಿ ಪರಮಾಣುಗಳಾದವು. ಆಗ ಬಿಡುಗಡೆಯಾದ ಬೆಳಕನ್ನೇ ಇವತ್ತು ಹಿನ್ನೆಲೆ ವಿಕಿರಣವಾಗಿ ನೋಡುತ್ತೇವೆ. ಅದಾದ ಮೇಲೆ ಕತ್ತಲು. ಹೊಳೆಯುವ ವಸ್ತು ಒಂದೂ ಇಲ್ಲದ ಈ ಕಾಲಕ್ಕೆ ಕತ್ತಲ ಯುಗ ಅನ್ನುತ್ತಾರೆ. ಅದು ಮುಗಿದದ್ದು ಸುಮಾರು 10ರಿಂದ 20 ಕೋಟಿ ವರ್ಷಗಳ ಹೊತ್ತಿಗೆ ಅನ್ನುವುದು ಈಗಿನ ಅಂದಾಜು. ಎಲ್ಲ ಕಡೆ ಒಂದೇ ದಿನ ದೀಪ ಹಚ್ಚಿದ ಹಾಗೆ ಆಗಿಲ್ಲ. ಇಲ್ಲೊಂದು ಅಲ್ಲೊಂದು ಶುರುವಾಗಿ ನಿಧಾನಕ್ಕೆ ಹರಡಿತು.

ಇಲ್ಲಿಯವರೆಗೆ ಒಂದಾದರೂ ಕಂಡಿದೆಯಾ?

ಖಚಿತವಾಗಿ, ಎಲ್ಲರೂ ಒಪ್ಪುವ ಹಾಗೆ, ಒಂದೂ ಕಂಡಿಲ್ಲ. ತುಂಬಾ ಹತ್ತಿರ ಹೋಗಿದ್ದೇವೆ, ಒಳ್ಳೆಯ ಅಭ್ಯರ್ಥಿಗಳು ಸಿಕ್ಕಿವೆ. ಆದರೆ "ಇದೇ" ಅನ್ನುವ ಘಳಿಗೆ ಬಂದಿಲ್ಲ. ಸುದ್ದಿಯಲ್ಲಿ "ಮೊದಲ ನಕ್ಷತ್ರ ಪತ್ತೆ" ಅಂತ ಕಂಡರೆ ಪೂರ್ತಿ ಓದಿ. ಮೂರನೇ ಪ್ಯಾರಾದಲ್ಲಿ "ಇರಬಹುದು" ಅನ್ನುವ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಮೊದಲ ನಕ್ಷತ್ರಗಳು ಸೂರ್ಯನಿಗಿಂತ ಎಷ್ಟೋ ದೊಡ್ಡವಾಗಿದ್ದವು ಅನ್ನುತ್ತಾರೆ, ನಿಜವಾ? ಕಾಣದೆಯೇ ಹೇಗೆ ಹೇಳುತ್ತೀರಿ?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಉತ್ತರ ಇರುವುದು ತಂಪಿನಲ್ಲಿ.

ಅನಿಲದ ಮೋಡ ಕುಸಿದು ನಕ್ಷತ್ರ ಆಗಬೇಕು ಅಂದರೆ ಅದು ತಣ್ಣಗಾಗಬೇಕು. ಬಿಸಿ ಇದ್ದಷ್ಟೂ ಒಳಗಿನ ಒತ್ತಡ ಜಾಸ್ತಿ, ಅದು ಗುರುತ್ವವನ್ನು ತಡೆಯುತ್ತದೆ. ಇವತ್ತಿನ ಮೋಡಗಳಲ್ಲಿ ಇಂಗಾಲ ಇದೆ, ಆಮ್ಲಜನಕ ಇದೆ, ಧೂಳಿದೆ. ಇವು ಶಾಖವನ್ನು ಬೆಳಕಾಗಿ ಹೊರಗೆ ಎಸೆಯುತ್ತವೆ. ಮೋಡ 10 ಕೆಲ್ವಿನ್‌ವರೆಗೆ, ಅಂದರೆ ಸೊನ್ನೆಗಿಂತ 263 ಡಿಗ್ರಿ ಸೆಲ್ಸಿಯಸ್ ಕೆಳಗೆ, ಇಳಿಯುತ್ತದೆ. ಅಷ್ಟು ತಣ್ಣಗಿರುವ ಮೋಡದಲ್ಲಿ ಸ್ವಲ್ಪ ಅನಿಲ ಸೇರಿದರೂ ಕುಸಿತ ಶುರು. ಹಾಗಾಗಿ ಸಣ್ಣ ನಕ್ಷತ್ರಗಳು ಬೇಕಾದಷ್ಟು ಹುಟ್ಟುತ್ತವೆ.

ಆಗ ಇದ್ಯಾವುದೂ ಇರಲಿಲ್ಲ. ಇದ್ದದ್ದು ಎರಡು ಹೈಡ್ರೋಜನ್ ಪರಮಾಣು ಕೂಡಿದ ಹೈಡ್ರೋಜನ್ ಅಣು ಮಾತ್ರ, ಅದೂ ಅಲ್ಪಸ್ವಲ್ಪ. ತಂಪು ಮಾಡುವ ಕೆಲಸದಲ್ಲಿ ಅದು ದುರ್ಬಲ. ಸುಮಾರು 200 ಕೆಲ್ವಿನ್‌ಗಿಂತ ಕೆಳಗೆ ಅದರ ಕೈಲಾಗುವುದಿಲ್ಲ. ಮೋಡ ಇಷ್ಟು ಬೆಚ್ಚಗೆ ಇದ್ದರೆ ಗುರುತ್ವ ಗೆಲ್ಲಲು ತುಂಬಾ ಹೆಚ್ಚು ಅನಿಲ ಬೇಕು. ಹತ್ತಾರು ಸೂರ್ಯರಿಂದ ನೂರಾರು ಸೂರ್ಯರಷ್ಟು ತೂಕದ ನಕ್ಷತ್ರಗಳು ಅನ್ನುವ ಅಂದಾಜು ಬಂದದ್ದು ಇಲ್ಲಿಂದ. 2000ದ ಆಸುಪಾಸಿನಲ್ಲಿ ಟಾಮ್ ಏಬಲ್, ವೋಲ್ಕರ್ ಬ್ರೊಮ್ ಮತ್ತು ಅವರ ಜೊತೆಗಾರರು ಇದನ್ನು ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದರು. ಲಕ್ಷದಿಂದ ಹತ್ತು ಲಕ್ಷ ಸೂರ್ಯರಷ್ಟು ತೂಕದ ಪುಟ್ಟ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ವಸ್ತು) ಗುಂಪಿನ ನಡುವೆ ಅನಿಲ ಸೇರಿ ಕುಸಿಯುವುದನ್ನು ಆ ಲೆಕ್ಕಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಮೊದಲು ಒಂದು ಮೋಡಕ್ಕೆ ಒಂದೇ ದೈತ್ಯ ನಕ್ಷತ್ರ ಅಂದುಕೊಂಡಿದ್ದರು. ಲೆಕ್ಕದ ನಿಖರತೆ ಹೆಚ್ಚಿದ ಹಾಗೆ ಮೋಡ ಒಡೆದು ಹಲವು ನಕ್ಷತ್ರ ಆಗುವುದೂ ಕಾಣತೊಡಗಿತು. ಹಾಗಾದರೆ ಕೆಲವು ಚಿಕ್ಕವೂ ಹುಟ್ಟಿರಬಹುದು, ಅಲ್ವಾ? ಸೂರ್ಯನ ಮುಕ್ಕಾಲು ಪಾಲಿಗಿಂತ ಸಣ್ಣದೊಂದು ಹುಟ್ಟಿದ್ದರೆ ಅದು ಇವತ್ತಿಗೂ ಉರಿಯುತ್ತಿರಬೇಕು, ನಮ್ಮ ಕ್ಷೀರಪಥದಲ್ಲೇ ಎಲ್ಲೋ ಇರಬೇಕು. ಹುಡುಕಿದ್ದಾರೆ. ಪೂರ್ತಿ ಶುದ್ಧವಾದದ್ದು ಒಂದೂ ಸಿಕ್ಕಿಲ್ಲ. ಬಹುಪಾಲು ಭಾರಿ ಗಾತ್ರದವೇ ಆಗಿದ್ದವು ಅನ್ನುವುದಕ್ಕೆ ಇದೂ ಒಂದು ಬೆಂಬಲ.

ಅಷ್ಟು ದೊಡ್ಡದಾದರೆ ಜಾಸ್ತಿ ದಿನ ಬಾಳಬೇಕಲ್ಲ?

ಉಲ್ಟಾ. ಇಂಧನ ಜಾಸ್ತಿ ನಿಜ, ಆದರೆ ಉರಿಯುವ ವೇಗ ಅದಕ್ಕಿಂತ ಎಷ್ಟೋ ಜಾಸ್ತಿ. ಸೂರ್ಯನ ಆಯುಸ್ಸು ಸಾವಿರ ಕೋಟಿ ವರ್ಷ. ನೂರು ಸೂರ್ಯರಷ್ಟಿರುವ ನಕ್ಷತ್ರಕ್ಕೆ ಇಪ್ಪತ್ತು ಮೂವತ್ತು ಲಕ್ಷ ವರ್ಷ ಮಾತ್ರ. ಆಮೇಲೆ ಸೂಪರ್‌ನೋವಾ, ಅಂದರೆ ಭಾರಿ ಸ್ಫೋಟ, ಇಲ್ಲವೇ ನೇರವಾಗಿ ಕಪ್ಪುಕುಳಿ. 140ರಿಂದ 260 ಸೂರ್ಯರ ನಡುವಿನ ತೂಕದವು ಪೂರ್ತಿ ಛಿದ್ರವಾಗಿ ಹೋಗುತ್ತವೆ, ಹಿಂದೆ ಕಪ್ಪುಕುಳಿ ಕೂಡ ಉಳಿಯುವುದಿಲ್ಲ ಅನ್ನುತ್ತದೆ ಸಿದ್ಧಾಂತ.

ಯಾವಾಗಲೋ ಸತ್ತುಹೋದ ನಕ್ಷತ್ರವನ್ನು ಈಗ ಹೇಗೆ ನೋಡುವುದು?

ಬೆಳಕಿಗೆ ಬರಲು ಸಮಯ ಬೇಕು. ದೂರ ನೋಡಿದಷ್ಟೂ ಹಳೆಯದನ್ನು ನೋಡುತ್ತೇವೆ. 1350 ಕೋಟಿ ವರ್ಷ ಪ್ರಯಾಣ ಮಾಡಿ ಇವತ್ತು ತಲುಪುವ ಬೆಳಕು ಆ ಕಾಲದ್ದೇ. ಬರುವ ದಾರಿಯಲ್ಲಿ ಬ್ರಹ್ಮಾಂಡ ಹಿಗ್ಗಿರುವುದರಿಂದ ಬೆಳಕಿನ ಅಲೆಯೂ ಹಿಗ್ಗಿರುತ್ತದೆ. ಇದಕ್ಕೆ ರೆಡ್‌ಶಿಫ್ಟ್ ಅನ್ನುತ್ತಾರೆ. ರೆಡ್‌ಶಿಫ್ಟ್ 17 ಅಂದರೆ ಅಲೆ 18 ಪಟ್ಟು ಉದ್ದವಾಗಿದೆ, ನಾವು ನೋಡುತ್ತಿರುವುದು ಬಿಗ್ ಬ್ಯಾಂಗ್ ಆಗಿ ಸುಮಾರು 23 ಕೋಟಿ ವರ್ಷದ ಹೊತ್ತಿನದು ಎಂದರ್ಥ. ನೇರಳಾತೀತವಾಗಿ ಹೊರಟ ಬೆಳಕು ನಮಗೆ ಸಿಗುವಾಗ ಇನ್‌ಫ್ರಾರೆಡ್ ಆಗಿರುತ್ತದೆ.

ಹಾಗಾದರೆ ಜೇಮ್ಸ್ ವೆಬ್ ಟೆಲಿಸ್ಕೋಪ್‌ಗೆ ಕಾಣಬೇಕಲ್ಲ? ಅದನ್ನು ಕಟ್ಟಿದ್ದೇ ಅದಕ್ಕಲ್ಲವೇ?

ಅದಕ್ಕೂ ಹೌದು. 2021ರ ಡಿಸೆಂಬರ್ 25ರಂದು ಹಾರಿದ ವೆಬ್‌ಗೆ 6.5 ಮೀಟರ್ ಅಗಲದ ಕನ್ನಡಿ ಇದೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ತಣ್ಣಗೆ ಕೂತು ಇನ್‌ಫ್ರಾರೆಡ್ ನೋಡುತ್ತದೆ. ಆದರೂ ಅಷ್ಟು ದೂರದ ಒಂಟಿ ನಕ್ಷತ್ರ ಅದಕ್ಕೂ ತೀರಾ ಮಂದ. ನೂರು ಸೂರ್ಯರಷ್ಟಿದ್ದರೂ ಕಾಣುವುದಿಲ್ಲ. ಕಾಣುವುದು ಗ್ಯಾಲಕ್ಸಿಗಳು.

ಅಲ್ಲೂ ಒಂದು ಸೊಗಸಾದ ಸಂಗತಿ ಸಿಕ್ಕಿದೆ. ಜೇಡ್ಸ್-ಜಿಎಸ್-ಝಡ್14-0 ಅನ್ನುವ ಗ್ಯಾಲಕ್ಸಿಯನ್ನು ವೆಬ್ 2024ರಲ್ಲಿ ಗುರುತಿಸಿತು. ಬಿಗ್ ಬ್ಯಾಂಗ್ ಆಗಿ ಸುಮಾರು 30 ಕೋಟಿ ವರ್ಷದ ಹೊತ್ತಿನ ಗ್ಯಾಲಕ್ಸಿ ಅದು. 2025ರಲ್ಲಿ ಚಿಲಿಯ ಆಲ್ಮಾ ಟೆಲಿಸ್ಕೋಪ್ ಅದನ್ನೇ ನೋಡಿದಾಗ ಅಲ್ಲಿ ಆಮ್ಲಜನಕ ಸಿಕ್ಕಿತು. ಯೋಚಿಸಿ ನೋಡಿ. ಆಮ್ಲಜನಕ ಬಿಗ್ ಬ್ಯಾಂಗ್‌ನಲ್ಲಿ ಆದದ್ದಲ್ಲ, ನಕ್ಷತ್ರದ ಹೊಟ್ಟೆಯಲ್ಲಿ ಆದದ್ದು. ಅಂದರೆ ಅಷ್ಟು ಹೊತ್ತಿಗಾಗಲೇ ಅಲ್ಲಿ ನಕ್ಷತ್ರಗಳು ಹುಟ್ಟಿ, ಬಾಳಿ, ಸತ್ತು, ತಮ್ಮ ಬೂದಿಯನ್ನು ಸುತ್ತಲೂ ಹರಡಿ ಆಗಿತ್ತು. ನಾವು ಹುಡುಕುತ್ತಿರುವವರು ಇದಕ್ಕೂ ಮುಂಚಿನವರು.

ದೂರದ ಗ್ಯಾಲಕ್ಸಿಯೊಂದರಲ್ಲಿ ಮೊದಲ ನಕ್ಷತ್ರಗಳೇ ಇವೆ ಅಂತ ಗುರುತಿಸುವುದು ಹೇಗೆ?

ಎರಡು ಗುರುತು ಬೇಕು. ಒಂದು, ಹೀಲಿಯಂ ಗೆರೆ. ಈ ನಕ್ಷತ್ರಗಳ ಮೇಲ್ಮೈ ಬಿಸಿ ಲಕ್ಷ ಡಿಗ್ರಿಯ ಹತ್ತಿರ ಇರುತ್ತದೆ, ಸೂರ್ಯನದು 5,500 ಡಿಗ್ರಿ ಅಷ್ಟೇ. ಆ ಬಿಸಿಗೆ ಹೀಲಿಯಂ ತನ್ನ ಎರಡೂ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ಮತ್ತೆ ಹಿಡಿದುಕೊಳ್ಳುವಾಗ, ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ, ಅಂದರೆ ಸ್ಪೆಕ್ಟ್ರಮ್‌ನಲ್ಲಿ ಒಂದು ವಿಶೇಷ ಗೆರೆ ಮೂಡುತ್ತದೆ. ಎರಡನೆಯದು, ಇಂಗಾಲ, ಆಮ್ಲಜನಕಗಳ ಗೆರೆ ಇರಕೂಡದು. ಎರಡೂ ಒಟ್ಟಿಗೆ ಇದ್ದರೆ ಮಾತ್ರ ನಂಬಬೇಕು.

2015ರಲ್ಲಿ ಸಿಆರ್7 ಅನ್ನುವ ಗ್ಯಾಲಕ್ಸಿ ಹೀಗೇ ದೊಡ್ಡ ಸುದ್ದಿಯಾಯಿತು. ಡೇವಿಡ್ ಸೊಬ್ರಾಲ್ ಅವರ ತಂಡಕ್ಕೆ ಹೀಲಿಯಂ ಗೆರೆ ಕಂಡಿತ್ತು. ಎರಡು ವರ್ಷ ಆದಮೇಲೆ ಆಲ್ಮಾ ಅಲ್ಲಿ ಇಂಗಾಲ ತೋರಿಸಿತು, ವಾದ ಬಿದ್ದುಹೋಯಿತು.

ಈಗ ಹೆಚ್ಚು ಚರ್ಚೆ ಇರುವುದು ಎಲ್‌ಎಪಿ1-ಬಿ ಬಗ್ಗೆ. ಬಿಗ್ ಬ್ಯಾಂಗ್ ಆಗಿ ಸುಮಾರು 80 ಕೋಟಿ ವರ್ಷದ ಹೊತ್ತಿನ ಪುಟ್ಟ, ಮಂದ ವಸ್ತು ಅದು. ನಮಗೂ ಅದಕ್ಕೂ ನಡುವೆ ಮ್ಯಾಕ್ಸ್ ಜೆ0416 ಅನ್ನುವ ಗ್ಯಾಲಕ್ಸಿ ಗುಂಪು ನಿಂತಿದೆ. ಅದರ ಗುರುತ್ವ ಹಿಂದಿನ ಬೆಳಕನ್ನು ಬಗ್ಗಿಸಿ ನೂರರ ಆಸುಪಾಸು ಪಟ್ಟು ಹೆಚ್ಚಿಸುತ್ತದೆ. ಹಾಗಾಗಿಯೇ ಅದು ವೆಬ್ ಕಣ್ಣಿಗೆ ಬಿತ್ತು. ಇದು ಮೊದಲ ಪೀಳಿಗೆಯ ನಕ್ಷತ್ರಗಳ ಗೊಂಚಲು ಎಂದು 2025ರಲ್ಲಿ ಒಂದು ತಂಡ ವಾದಿಸಿದೆ. ಅಲ್ಲಿ ಆಮ್ಲಜನಕದ ತೆಳು ಸುಳಿವೂ ಇದೆ, ಅದಕ್ಕೇ ವಾದ ಇನ್ನೂ ಮುಗಿದಿಲ್ಲ. 80 ಕೋಟಿ ವರ್ಷ ತೀರಾ ತಡವಲ್ಲವೇ ಅಂತ ಕೇಳುತ್ತಾರೆ. ಹೊರಗಿನ ಬೂದಿ ತಲುಪದ ಮೂಲೆಯಲ್ಲಿ ಶುದ್ಧ ಅನಿಲ ಅಷ್ಟು ದಿನ ಉಳಿದಿರಲು ಸಾಧ್ಯ ಇದೆ.

ಇಯರೆಂಡಲ್ ಮೊದಲ ನಕ್ಷತ್ರ ಅಲ್ಲವೇ?

ಅಲ್ಲ. 2022ರಲ್ಲಿ ಹಬಲ್ ಟೆಲಿಸ್ಕೋಪ್ ಗುರುತಿಸಿದ ಇಯರೆಂಡಲ್‌ನ ಬೆಳಕು 1290 ಕೋಟಿ ವರ್ಷ ಹಳೆಯದು, ಅದೂ ಗುರುತ್ವದ ನೆರವಿನಿಂದಲೇ ಕಂಡದ್ದು. ಅದು ಒಂಟಿ ನಕ್ಷತ್ರವೋ ಗೊಂಚಲೋ ಅನ್ನುವುದೇ ಈಗ ಚರ್ಚೆಯಲ್ಲಿದೆ.

ನಮ್ಮ ಕ್ಷೀರಪಥದಲ್ಲೇ ಹುಡುಕುವ ದಾರಿ ಇಲ್ಲವೇ?

ಇದೆ, ಮತ್ತು ಅದು ಅಗ್ಗದ ದಾರಿ. ಮೊದಲ ನಕ್ಷತ್ರ ಸತ್ತಾಗ ಹರಡಿದ ಬೂದಿಯಿಂದ ಹುಟ್ಟಿದ ಮಕ್ಕಳಲ್ಲಿ ಸಣ್ಣವು ಇನ್ನೂ ಬದುಕಿವೆ. ಅವುಗಳ ಬೆಳಕನ್ನು ಬಿಡಿಸಿ ನೋಡಿದರೆ ಯಾವ ಧಾತು ಎಷ್ಟಿದೆ ಅಂತ ಸಿಗುತ್ತದೆ. ಅದರಿಂದ ಆ ತಾಯಿ ನಕ್ಷತ್ರ ಎಷ್ಟು ದೊಡ್ಡದಿತ್ತು, ಹೇಗೆ ಸತ್ತಿತು ಅಂತ ಲೆಕ್ಕ ಹಾಕಬಹುದು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಎಸ್‌ಎಂಎಸ್‌ಎಸ್ ಜೆ0313-6708 ಅನ್ನುವ ನಕ್ಷತ್ರ ನಮ್ಮಿಂದ ಸುಮಾರು 6,000 ಜ್ಯೋತಿರ್ವರ್ಷ ದೂರ. ಆಸ್ಟ್ರೇಲಿಯಾದ ಸ್ಕೈಮ್ಯಾಪರ್ ಟೆಲಿಸ್ಕೋಪ್ ಇದನ್ನು ಆರಿಸಿಕೊಟ್ಟಿತು, ಸ್ಟೀಫನ್ ಕೆಲ್ಲರ್ ಅವರ ತಂಡ 2014ರಲ್ಲಿ ವರದಿ ಮಾಡಿತು. ಸ್ಪೆಕ್ಟ್ರಮ್‌ನಲ್ಲಿ ಕಬ್ಬಿಣದ ಗೆರೆ ಇರಬೇಕಾದ ಜಾಗಗಳೆಲ್ಲ ಖಾಲಿ. ಸೂರ್ಯನಲ್ಲಿ ಇರುವುದರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಕಬ್ಬಿಣ. ಆದರೆ ಇಂಗಾಲ ಸಾಕಷ್ಟಿದೆ. ಇದು ಒಂದೇ ಒಂದು ಸೂಪರ್‌ನೋವಾದ ಬೂದಿ ಅನ್ನುತ್ತದೆ ತಂಡದ ಲೆಕ್ಕ. ಸುಮಾರು 60 ಸೂರ್ಯರಷ್ಟಿದ್ದ ನಕ್ಷತ್ರ ಮೆಲ್ಲಗೆ ಸಿಡಿದಿದೆ. ಮೇಲಿನ ಪದರದ ಇಂಗಾಲ ಹೊರಗೆ ಹೋಗಿದೆ, ತಳದ ಕಬ್ಬಿಣ ಮರಳಿ ಕಪ್ಪುಕುಳಿಗೇ ಬಿದ್ದಿದೆ. ಎಂದೋ ಸತ್ತ, ಯಾರೂ ನೋಡದ ನಕ್ಷತ್ರವೊಂದರ ತೂಕ ಅದರ ಮಗುವಿನ ಬೆಳಕಿನಿಂದ ತಿಳಿಯಿತು.

ಈ ಕೆಲಸ ನಮ್ಮಲ್ಲೂ ನಡೆಯುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಅಗಲದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ಕೇಂದ್ರದಿಂದ, ಉಪಗ್ರಹದ ಮೂಲಕ. ಭಾರವಾದ ಧಾತುಗಳು ತೀರಾ ಕಡಿಮೆ ಇರುವ ನಕ್ಷತ್ರಗಳ ಅಧ್ಯಯನ ಅಲ್ಲಿನ ವಿಜ್ಞಾನಿಗಳ ಕೆಲಸದ ಭಾಗ.

ರೇಡಿಯೊದಲ್ಲಿ ನಕ್ಷತ್ರ ಹುಡುಕುವುದು ಅಂದರೆ ಏನು? ನಕ್ಷತ್ರ ರೇಡಿಯೊದಲ್ಲಿ ಕಾಣುತ್ತದಾ?

ನಕ್ಷತ್ರವನ್ನಲ್ಲ, ಅದರ ಸುತ್ತಲಿದ್ದ ಹೈಡ್ರೋಜನ್ ಅನ್ನು ಕೇಳುವುದು. ಹೈಡ್ರೋಜನ್ ಪರಮಾಣುವಿನ ಪ್ರೋಟಾನ್, ಎಲೆಕ್ಟ್ರಾನ್ ಎರಡೂ ಪುಟ್ಟ ಆಯಸ್ಕಾಂತಗಳು. ಎರಡೂ ಒಂದೇ ದಿಕ್ಕಿಗೆ ಇರುವುದಕ್ಕೂ ಎದುರುಬದುರಾಗಿ ಇರುವುದಕ್ಕೂ ಶಕ್ತಿಯಲ್ಲಿ ತೀರಾ ಸಣ್ಣ ವ್ಯತ್ಯಾಸ ಇದೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಹೊರಬರುತ್ತದೆ, ಅಥವಾ ಹೀರಿಕೆಯಾಗುತ್ತದೆ. ಹೀಗಾಗುತ್ತದೆ ಅಂತ 1944ರಲ್ಲಿ ಹೇಳಿದವರು ಹೆಂಕ್ ವ್ಯಾನ್ ಡಿ ಹುಲ್ಸ್ಟ್. 1951ರಲ್ಲಿ ಹಾರ್ವರ್ಡ್‌ನ ಯೂವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದೇಬಿಟ್ಟರು.

ಕತ್ತಲ ಯುಗದ ಕೊನೆಗೆ ಬ್ರಹ್ಮಾಂಡದ ತುಂಬಾ ಇದೇ ಹೈಡ್ರೋಜನ್. ರೆಡ್‌ಶಿಫ್ಟ್ 17ರ ಹೊತ್ತಿಗೆ ಅನಿಲದ ಬಿಸಿ ಸುಮಾರು 7 ಕೆಲ್ವಿನ್, ಹಿನ್ನೆಲೆ ವಿಕಿರಣದ್ದು ಸುಮಾರು 49 ಕೆಲ್ವಿನ್. ನಕ್ಷತ್ರಗಳು ಹೊತ್ತಿಕೊಳ್ಳುವ ತನಕ ಹೈಡ್ರೋಜನ್‌ನ ಒಳಗಿನ ಆಯಸ್ಕಾಂತಗಳು ಹಿನ್ನೆಲೆ ವಿಕಿರಣದ ಹಿಡಿತದಲ್ಲಿ ಇರುತ್ತವೆ, ಏನೂ ಕಾಣುವುದಿಲ್ಲ. ಮೊದಲ ನಕ್ಷತ್ರಗಳ ನೇರಳಾತೀತ ಬೆಳಕು ಬಿದ್ದ ಕೂಡಲೇ ಆ ಹಿಡಿತ ತಪ್ಪುತ್ತದೆ, ಅವು ತಣ್ಣನೆಯ ಅನಿಲದ ಲಯಕ್ಕೆ ಹೊಂದಿಕೊಳ್ಳುತ್ತವೆ. ಆಗ ಹೈಡ್ರೋಜನ್ ಹಿನ್ನೆಲೆ ವಿಕಿರಣವನ್ನು ಹೀರತೊಡಗುತ್ತದೆ. ಇಡೀ ಆಕಾಶದ ರೇಡಿಯೊ ಸ್ಪೆಕ್ಟ್ರಮ್‌ನಲ್ಲಿ ಒಂದು ಸಣ್ಣ ತಗ್ಗು ಬೀಳಬೇಕು. ಆ ತಗ್ಗು ಯಾವ ಜಾಗದಲ್ಲಿದೆ ಅಂತ ಗೊತ್ತಾದರೆ ಮೊದಲ ನಕ್ಷತ್ರಗಳು ಯಾವಾಗ ಹೊತ್ತಿದವು ಅಂತ ಗೊತ್ತಾದ ಹಾಗೆ.

21 ಸೆಂಟಿಮೀಟರ್ ಅಲೆ ಮೂಲದಲ್ಲಿ 1420 ಮೆಗಾಹರ್ಟ್ಸ್. 18 ಪಟ್ಟು ಹಿಗ್ಗಿದರೆ 79 ಮೆಗಾಹರ್ಟ್ಸ್, ಅಲೆಯ ಉದ್ದ ಹತ್ತಿರ ಹತ್ತಿರ 4 ಮೀಟರ್. ನಿಮ್ಮ ಎಫ್‌ಎಂ ರೇಡಿಯೊ ಶುರುವಾಗುವುದು 88ರಿಂದ. ಹೆಚ್ಚು ಕಡಿಮೆ ಪಕ್ಕದ ಮನೆ.

ಎಫ್‌ಎಂ ಪಕ್ಕದಲ್ಲೇ ಇದ್ದರೆ ಹಿಡಿಯುವುದು ಸುಲಭ ಇರಬೇಕಲ್ಲ?

ತೊಂದರೆ ಇರುವುದೇ ಅಲ್ಲಿ. ಮೊದಲನೆಯದಾಗಿ ಎಫ್‌ಎಂ ಸ್ಟೇಷನ್‌ಗಳು. ಅವುಗಳ ಅಲೆ ವಿಮಾನಗಳಿಗೆ, ಉಲ್ಕೆಗಳ ಜಾಡಿಗೆ ತಾಗಿ ನೂರಾರು ಕಿಲೋಮೀಟರ್ ದೂರಕ್ಕೂ ಬರುತ್ತದೆ.

ಎರಡನೆಯದು ನಮ್ಮದೇ ಕ್ಷೀರಪಥ. ರೇಡಿಯೊ ಸದ್ದಿನ ಬಲವನ್ನೂ ಕೆಲ್ವಿನ್‌ನಲ್ಲೇ ಅಳೆಯುತ್ತಾರೆ. ಈ ತರಂಗಾಂತರದಲ್ಲಿ ಆಕಾಶ ಸಾವಿರಕ್ಕೂ ಹೆಚ್ಚು ಕೆಲ್ವಿನ್‌ನಷ್ಟು ಗಟ್ಟಿಯಾಗಿ ಸದ್ದು ಮಾಡುತ್ತದೆ. ನಾವು ಹುಡುಕುವ ತಗ್ಗಿನ ಆಳ ಹೆಚ್ಚೆಂದರೆ 0.2 ಕೆಲ್ವಿನ್. ಹತ್ತು ಸಾವಿರ ಪಾಲಿನಲ್ಲಿ ಒಂದೆರಡು ಪಾಲು.

ಮೂರನೆಯದು ನಮ್ಮ ಉಪಕರಣ, ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು. ಆಂಟೆನಾ ಆಕಾಶವನ್ನಷ್ಟೇ ಕೇಳುವುದಿಲ್ಲ, ಕೆಳಗಿನ ನೆಲದಿಂದ ತಿರುಗಿ ಬರುವುದನ್ನೂ ಕೇಳುತ್ತದೆ. ಖಾಲಿ ಮನೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ಬಂದು ನಮ್ಮದೇ ಮಾತಿಗೆ ಕೂಡಿಕೊಳ್ಳುತ್ತದಲ್ಲ, ಹಾಗೆ. ನೆಲದಲ್ಲಿ ಮಣ್ಣಿನ ಪದರ, ಕಲ್ಲು, ತೇವ ಎಲ್ಲ ಬೇರೆ ಬೇರೆ. ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಥರ ಪ್ರತಿಫಲನ. ಅದರಿಂದ ಸ್ಪೆಕ್ಟ್ರಮ್‌ನಲ್ಲಿ ಏರುಪೇರು ಬರುತ್ತದೆ, ಆ ಏರುಪೇರು ನಾವು ಹುಡುಕುವ ತಗ್ಗಿನ ಥರವೇ ಕಾಣಬಹುದು.

2018ರಲ್ಲಿ ಸಿಕ್ಕೇಬಿಟ್ಟಿತು ಅಂದಿದ್ದರಲ್ಲ?

ಹೌದು. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಮರುಭೂಮಿಯಲ್ಲಿ ಎಡ್ಜಸ್ ಅನ್ನುವ ಪ್ರಯೋಗ ನಡೆದಿತ್ತು, ಮುಖ್ಯಸ್ಥರು ಜಡ್ ಬೌಮನ್. ಮೇಜಿನಷ್ಟು ದೊಡ್ಡ ಆಂಟೆನಾ, ಕೆಳಗೆ ನೆಲದ ಮೇಲೆ ಹಾಸಿದ ಲೋಹದ ಜಾಲರಿ. 78 ಮೆಗಾಹರ್ಟ್ಸ್ ನಡುವಾಗಿ ಒಂದು ತಗ್ಗು ಸಿಕ್ಕಿದೆ, ಅದು ಶುರುವಾಗುವ ಅಂಚಿನ ಪ್ರಕಾರ ಬಿಗ್ ಬ್ಯಾಂಗ್ ಆಗಿ 18 ಕೋಟಿ ವರ್ಷಕ್ಕೆ ಮೊದಲ ನಕ್ಷತ್ರಗಳು ಇದ್ದವು ಅಂತ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಜಗತ್ತು ಬೆಚ್ಚಿದ್ದು ತಗ್ಗಿನ ಆಳಕ್ಕೆ. 0.2 ಇರಬೇಕಾದ ಕಡೆ 0.5 ಕೆಲ್ವಿನ್. ಅನಿಲ ಲೆಕ್ಕಕ್ಕಿಂತ ತಣ್ಣಗಿರಬೇಕು, ಇಲ್ಲವೇ ಹಿನ್ನೆಲೆ ರೇಡಿಯೊ ಲೆಕ್ಕಕ್ಕಿಂತ ಗಟ್ಟಿಯಾಗಿರಬೇಕು. ಡಾರ್ಕ್ ಮ್ಯಾಟರ್ ಅನಿಲದ ಶಾಖ ಕಿತ್ತುಕೊಂಡಿತಾ? ಹೊಸ ಭೌತಶಾಸ್ತ್ರವಾ? ಪ್ರಬಂಧಗಳು ಸಾಲುಸಾಲಾಗಿ ಬಂದವು. ಆದರೆ ಇನ್ನೊಬ್ಬರು, ಬೇರೆ ಉಪಕರಣದಿಂದ, ಬೇರೆ ಜಾಗದಿಂದ ಅಳೆದು ನೋಡುವುದು ಬಾಕಿ ಇತ್ತು.

ಅದನ್ನು ಅಳೆದದ್ದು ಬೆಂಗಳೂರಿನವರು ಅನ್ನುವುದು ನಿಜವಾ?

ನಿಜ. ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ, ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯವರು. ಇಲ್ಲಿ ರೇಡಿಯೊ ಖಗೋಳದ ಕೆಲಸ ಹಳೆಯದು. ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ಗೆ ಆಕಾಶದ ನಕ್ಷೆ ತೆಗೆದ ಆಂಟೆನಾ ಸಾಲುಗಳನ್ನು ಭಾರತೀಯ ಖಭೌತ ಸಂಸ್ಥೆಯ ಜೊತೆ ಸೇರಿ ಕಟ್ಟಿದವರೂ ಇವರೇ. ಮೊದಲ ನಕ್ಷತ್ರಗಳ ಸುಳಿವಿಗಾಗಿ ಅವರು ಮಾಡಿದ ಉಪಕರಣದ ಹೆಸರು ಸಾರಸ್. ರವಿ ಸುಬ್ರಹ್ಮಣ್ಯನ್, ಎನ್. ಉದಯಶಂಕರ್, ಸೌರಭ್ ಸಿಂಗ್, ಮಯೂರಿ ಎಸ್. ರಾವ್ ಮತ್ತು ಅವರ ಜೊತೆಗಿದ್ದ ಎಂಜಿನಿಯರ್‌ಗಳು ಇದನ್ನು ಒಂದರ ಮೇಲೊಂದು ಆವೃತ್ತಿಯಾಗಿ ತಿದ್ದುತ್ತಾ ಬಂದರು.

ಮೂರನೇ ಆವೃತ್ತಿಗೆ ಅವರು ಮಾಡಿದ ಯೋಚನೆ ನೋಡಿ. ನೆಲವೇ ತೊಂದರೆ ಕೊಡುತ್ತಿದ್ದರೆ ನೆಲ ಯಾಕೆ ಬೇಕು? ನೀರಿನ ಮೇಲೆ ತೇಲಿಬಿಟ್ಟರಾಯಿತು. ನೀರಿನಲ್ಲಿ ಪದರ ಇಲ್ಲ, ಕಲ್ಲಿಲ್ಲ. ಎಲ್ಲ ಕಡೆ ಒಂದೇ ಗುಣ, ಅದನ್ನು ಅಳೆಯಲೂಬಹುದು, ಲೆಕ್ಕಕ್ಕೆ ತರಲೂಬಹುದು.

ಹಾಗಾಗಿ ಒಂದು ತೆಪ್ಪ ಮಾಡಿದರು. ತೇಲಲು ಥರ್ಮೊಕೋಲ್ ಜಾತಿಯ ಹಗುರ ಸಾಮಗ್ರಿ. ಮೇಲೆ ದುಂಡನೆಯ ಲೋಹದ ತಟ್ಟೆ, ಅದರ ಮೇಲೆ ತುದಿ ಕೆಳಗಾಗಿ ನಿಂತ ಲೋಹದ ಶಂಕು. ಇದೇ ಆಂಟೆನಾ. ರಿಸೀವರ್ ತಟ್ಟೆಯ ಅಡಿಯಲ್ಲಿ ಅಡಗಿ ಕೂತಿರುತ್ತದೆ. ಅಲ್ಲಿಂದ ದಡಕ್ಕೆ ಆಪ್ಟಿಕಲ್ ಫೈಬರ್. ತಾಮ್ರದ ತಂತಿ ಎಳೆದರೆ ಅದೇ ಇನ್ನೊಂದು ಆಂಟೆನಾ ಆಗಿಬಿಡುತ್ತದೆ, ಅದಕ್ಕೆ ಫೈಬರ್.

2020ರ ಮೊದಲ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ಇದನ್ನು ತೇಲಿಬಿಟ್ಟು ಆಕಾಶ ಅಳೆದರು. ಮಳೆಗಾಲದಲ್ಲಿ ಮಲೆನಾಡಿನ ನೀರು ತುಂಬಿಕೊಳ್ಳುವ, ಜನ ಲಾಂಚ್‌ನಲ್ಲಿ ದಾಟುತ್ತಿದ್ದ ಅದೇ ಹಿನ್ನೀರಿನ ಮೇಲೆ, ಬ್ರಹ್ಮಾಂಡದ ಮೊದಲ ಬೆಳಕಿನ ಬಗ್ಗೆ ಆಗ ಲೋಕದಲ್ಲಿದ್ದ ಅತಿ ದೊಡ್ಡ ಹೇಳಿಕೆಯ ಪರೀಕ್ಷೆ ನಡೆಯಿತು.

ಫಲಿತಾಂಶ ಏನಾಯಿತು?

ಎಡ್ಜಸ್ ಹೇಳಿದ ತಗ್ಗು ಸಾರಸ್ ಅಳತೆಯಲ್ಲಿ ಸಿಗಲಿಲ್ಲ. 95.3 ಶೇಕಡಾ ವಿಶ್ವಾಸದ ಮಟ್ಟದಲ್ಲಿ ಆ ಹೇಳಿಕೆಯನ್ನು ತಳ್ಳಿಹಾಕಿ 2022ರ ಫೆಬ್ರವರಿಯಲ್ಲಿ ನೇಚರ್ ಆಸ್ಟ್ರಾನಮಿಯಲ್ಲಿ ಪ್ರಕಟಿಸಿದರು. ಆ ತಗ್ಗು ಆಕಾಶದ್ದಲ್ಲ, ಬಹುಶಃ ಉಪಕರಣದ್ದು ಅನ್ನುವುದು ಅವರ ತೀರ್ಮಾನ.

ಅಂದರೆ ಏನೂ ಸಿಗಲಿಲ್ಲ ಅಂತಾಯಿತಲ್ಲ? ಅದರಲ್ಲಿ ಹೆಮ್ಮೆ ಪಡುವುದು ಏನಿದೆ?

ತುಂಬಾ ಇದೆ. ಈ ಪ್ರಶ್ನೆ ಬಂದಾಗಲೆಲ್ಲ ನಾನು ಸ್ವಲ್ಪ ಜೋರಾಗಿಯೇ ಉತ್ತರ ಕೊಡುತ್ತೇನೆ. ನಾಲ್ಕು ವರ್ಷ ಲೋಕದ ಸಿದ್ಧಾಂತಿಗಳು ಆ 0.5 ಕೆಲ್ವಿನ್ ಮೇಲೆ ಕಟ್ಟಡ ಕಟ್ಟುತ್ತಿದ್ದರು. ಅಡಿಪಾಯ ಗಟ್ಟಿ ಇದೆಯಾ ಅಂತ ಹೋಗಿ ತಟ್ಟಿ ನೋಡಿದವರು ಇವರು. ಹತ್ತು ಸಾವಿರದಲ್ಲಿ ಒಂದು ಪಾಲಿನ ಮಟ್ಟಕ್ಕೆ "ಇಲ್ಲ" ಅನ್ನಲು "ಇದೆ" ಅನ್ನುವಷ್ಟೇ ನಿಖರ ಉಪಕರಣ ಬೇಕು.

ಅದೇ ಅಳತೆ ಇನ್ನೊಂದು ಕೆಲಸಕ್ಕೂ ಬಂತು. 2022ರ ನವೆಂಬರ್‌ನಲ್ಲಿ ಕೇಂಬ್ರಿಡ್ಜ್ ಮತ್ತಿತರ ಕಡೆಯವರ ಜೊತೆ ಸೇರಿ, ಬಿಗ್ ಬ್ಯಾಂಗ್ ಆಗಿ 20 ಕೋಟಿ ವರ್ಷದ ಹೊತ್ತಿನ ಗ್ಯಾಲಕ್ಸಿಗಳು ರೇಡಿಯೊದಲ್ಲಿ ಎಷ್ಟು ಪ್ರಕಾಶವಾಗಿರಲು ಸಾಧ್ಯವಿಲ್ಲ ಅನ್ನುವುದಕ್ಕೆ ಮಿತಿ ಹಾಕಿದರು. ಅಂಥ ಗ್ಯಾಲಕ್ಸಿ ಯಾರಿಗೂ ಕಾಣದಿರುವಾಗಲೇ ಅದರ ಬಗ್ಗೆ ಅಳತೆಯಿಂದ ಮಾತಾಡುವ ಹಾಗಾಯಿತು.

ಸಾರಸ್ "ಮೊದಲ ನಕ್ಷತ್ರಗಳೇ ಇರಲಿಲ್ಲ" ಅಂತ ಹೇಳಿದೆಯಾ?

ಇಲ್ಲ. ಎಡ್ಜಸ್ ಹೇಳಿದ ಆಕಾರದ, ಆ ಆಳದ ತಗ್ಗು ಇಲ್ಲ ಅಂದಿದೆ ಅಷ್ಟೇ. 0.2 ಕೆಲ್ವಿನ್ ಒಳಗಿನ, ನಿರೀಕ್ಷೆಯ ತಗ್ಗು ಇದ್ದೇ ಇರಬೇಕು. ಅದನ್ನು ಹಿಡಿಯುವ ಕೆಲಸ ಇನ್ನೂ ಬಾಕಿ ಇದೆ.

ಮುಂದೆ ಏನು?

ಎಡ್ಜಸ್‌ನವರು ಹೊಸ ಉಪಕರಣದೊಂದಿಗೆ ಮತ್ತೆ ಅಳೆಯುತ್ತಿದ್ದಾರೆ. ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಇದೇ ತಗ್ಗು ಹುಡುಕುವ ರೀಚ್ ಅನ್ನುವ ಪ್ರಯೋಗ ಇದೆ. ಅಲ್ಲೇ ಹೆರಾ ಅನ್ನುವ, 14 ಮೀಟರ್ ಅಗಲದ 350 ಡಿಶ್‌ಗಳ ಸಾಲಿದೆ. ಅದು ಇಡೀ ಆಕಾಶದ ಸರಾಸರಿ ಬಿಟ್ಟು ಅಲ್ಲಲ್ಲಿನ ಏರುಪೇರು ಹುಡುಕುತ್ತದೆ. ಆಸ್ಟ್ರೇಲಿಯಾದಲ್ಲಿ ಏಳುತ್ತಿರುವ ಎಸ್‌ಕೆಎ-ಲೋ ರೇಡಿಯೊ ಟೆಲಿಸ್ಕೋಪ್‌ಗೆ 1,31,072 ಆಂಟೆನಾಗಳು, ಒಂದೊಂದೂ ಕ್ರಿಸ್‌ಮಸ್ ಮರದ ಆಕಾರದ್ದು. ಭಾರತ ಇದರ ಪಾಲುದಾರ, ಕೇಂದ್ರ ಸರ್ಕಾರ 1,250 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ.

ನನಗೆ ಹೆಚ್ಚು ಆಸೆ ಇರುವುದು ಪ್ರತ್ಯುಷ್ ಮೇಲೆ. ರಾಮನ್ ಸಂಸ್ಥೆಯವರು ಇಸ್ರೊ ಬೆಂಬಲದಿಂದ ರೂಪಿಸುತ್ತಿರುವ, ಚಂದ್ರನ ಸುತ್ತ ತಿರುಗಬೇಕಾದ ರೇಡಿಯೊ ಉಪಕರಣ ಇದು. ಚಂದ್ರನ ಆಚೆ ಬದಿಗೆ ಹೋದಾಗ ಭೂಮಿಯ ಅಷ್ಟೂ ಎಫ್‌ಎಂ, ಟಿವಿ, ಮೊಬೈಲ್ ಗದ್ದಲಕ್ಕೆ ಚಂದ್ರನೇ ಅಡ್ಡ ನಿಲ್ಲುತ್ತಾನೆ. ವಾತಾವರಣದ ಮೇಲಿನ ಅಯಾನು ಪದರದ ಕಾಟವೂ ಇಲ್ಲ. ಕೆಳಗೆ ನೆಲವಂತೂ ಇಲ್ಲವೇ ಇಲ್ಲ.

ಕಪ್ಪುಕುಳಿಗಳಿಗೂ ಇವಕ್ಕೂ ಸಂಬಂಧ ಇದೆಯಾ?

ಇದೆ. ಮೊದಲ ನಕ್ಷತ್ರಗಳು ಸತ್ತು ಬಿಟ್ಟ ಕಪ್ಪುಕುಳಿಗಳೇ ಬೆಳೆದು ಗ್ಯಾಲಕ್ಸಿಗಳ ನಡುವಿನ ದೈತ್ಯರಾದವಾ ಅನ್ನುವುದು ದೊಡ್ಡ ಪ್ರಶ್ನೆ. 2023ರಲ್ಲಿ ನಾಸಾದ ಚಂದ್ರಾ ಎಕ್ಸ್-ರೇ ಟೆಲಿಸ್ಕೋಪ್ ಮತ್ತು ವೆಬ್ ಸೇರಿ ಯುಎಚ್‌ಝಡ್1 ಅನ್ನುವ ಗ್ಯಾಲಕ್ಸಿಯಲ್ಲಿ, ಬಿಗ್ ಬ್ಯಾಂಗ್ ಆಗಿ 47 ಕೋಟಿ ವರ್ಷಕ್ಕೇ, ದೈತ್ಯ ಕಪ್ಪುಕುಳಿಯನ್ನು ತೋರಿಸಿದವು. ನಕ್ಷತ್ರದಿಂದ ಹುಟ್ಟಿದ್ದು ಅಷ್ಟು ಬೇಗ ಅಷ್ಟು ದಪ್ಪ ಆಗುವುದು ಕಷ್ಟ. ನಕ್ಷತ್ರದ ಹಂತವೇ ಇಲ್ಲದೆ ಅನಿಲದ ಮೋಡ ನೇರವಾಗಿ ಕುಸಿದಿರಬಹುದು ಅನ್ನುವವರ ವಾದಕ್ಕೆ ಇದರಿಂದ ಬಲ ಬಂದಿದೆ.

ನನ್ನ ಮಗಳಿಗೆ ಈ ಕ್ಷೇತ್ರಕ್ಕೆ ಹೋಗುವ ಆಸೆ. ಏನು ಓದಬೇಕು?

ಭೌತಶಾಸ್ತ್ರ ಒಂದೇ ದಾರಿ ಅಂತ ತುಂಬಾ ಪೋಷಕರು ಅಂದುಕೊಂಡಿದ್ದಾರೆ, ಹಾಗಿಲ್ಲ. ಸಾರಸ್‌ನಂಥ ಕೆಲಸದ ಅರ್ಧ ಭಾರ ಹೊರುವವರು ಎಲೆಕ್ಟ್ರಾನಿಕ್ಸ್ ಕಲಿತವರು. ಆಂಟೆನಾ, ರಿಸೀವರ್, ಸಿಗ್ನಲ್ ಪ್ರೊಸೆಸಿಂಗ್ ಬಲ್ಲವರಿಗೆ ಇಲ್ಲಿ ನಿಜವಾದ ಕೆಲಸ ಇದೆ. ಭೌತಶಾಸ್ತ್ರದ ದಾರಿ ಹಿಡಿದರೆ ಪಿಎಚ್‌ಡಿಗೆ ಜೆಸ್ಟ್ ಪ್ರವೇಶ ಪರೀಕ್ಷೆ ಮುಖ್ಯ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಬೇರೆ ಸಂಸ್ಥೆಗಳ ಜೊತೆ ಸೇರಿ ನಡೆಸುವ ಜಂಟಿ ಖಗೋಳ ಕಾರ್ಯಕ್ರಮ ಇದೆ. ಡಿಗ್ರಿ ಓದುತ್ತಿರುವಾಗಲೇ ರಾಮನ್ ಸಂಸ್ಥೆಗೆ ವಿಸಿಟಿಂಗ್ ಸ್ಟೂಡೆಂಟ್ ಆಗಿ ಅರ್ಜಿ ಹಾಕಬಹುದು, ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೂ ತೆಗೆದುಕೊಳ್ಳುತ್ತಾರೆ. ಮಗಳು ಇನ್ನೂ ಹೈಸ್ಕೂಲ್‌ನಲ್ಲಿದ್ದರೆ ಗಣಿತ ಗಟ್ಟಿ ಮಾಡಿಕೊಳ್ಳಲಿ, ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯಲಿ, ಮನೆಯಲ್ಲಿ ಹಳೆಯ ರೇಡಿಯೊ ಇದ್ದರೆ ಬಿಚ್ಚಿ ನೋಡಲು ಬಿಡಿ.